ಒಂದೇ ಪ್ರತಿ, ಎಲ್ಲರಿಗೂ: ಕಂಪ್ಯೂಟರಿನೊಳಗಿನ ಗ್ರಂಥಾಲಯದ ಕಥೆ

ನಾವು ಓದುವಾಗ ನಮ್ಮ ಶಾಲೆಯ ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಒಂದು ಬೀರು. ಅದರಲ್ಲಿದ್ದ ಇಂಗ್ಲಿಷ್-ಕನ್ನಡ ನಿಘಂಟು ಒಂದೇ. ಮೂರೂ ತರಗತಿಗಳಿಗೆ ಅದೇ ಆಧಾರ. ಒಂಬತ್ತನೇ ತರಗತಿಯಲ್ಲಿದ್ದಾಗ ಅದರ ಒಂದು ಹಾಳೆಯನ್ನು ನಾನು ಹರಿದುಬಿಟ್ಟೆ. ಮೇಷ್ಟ್ರು ಹೊಡೆಯಲಿಲ್ಲ. ಬೇರೆ ನಿಘಂಟು ತಂದು, ಆ ಪುಟವನ್ನು ನನ್ನ ಕೈಯಿಂದಲೇ ಬರೆಸಿ ಅಂಟಿಸಿದರು. ಮುಂದೆ ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಕಂಪ್ಯೂಟರಿನೊಳಗಿನ ಗ್ರಂಥಾಲಯದ ಪರಿಚಯವಾಯಿತು. ಅದರ ಹೆಸರೂ ‘ಲೈಬ್ರರಿ’ಯೇ.

ಪರದೆಯ ಮೇಲೆ ಅಕ್ಷರ ಮೂಡಿಸುವುದು, ಕಡತ ತೆರೆಯುವುದು, ವರ್ಗಮೂಲ ಕಂಡುಹಿಡಿಯುವುದು ಇಂಥ ಕೆಲಸಗಳು ಎಲ್ಲ ಪ್ರೋಗ್ರಾಮುಗಳಿಗೂ ಬೇಕು. ಅವುಗಳ ವಿಧಾನವನ್ನು ಒಮ್ಮೆ ಬರೆದಿಟ್ಟ ಸಂಗ್ರಹವೇ ಲೈಬ್ರರಿ. ಹಳೆಯ ಪದ್ಧತಿಯಲ್ಲಿ ಪ್ರೋಗ್ರಾಮ್ ತಯಾರಾಗುವಾಗಲೇ ಬೇಕಾದ ಭಾಗದ ಪ್ರತಿ ಅದರೊಳಗೆ ಸೇರುತ್ತಿತ್ತು. ನೂರು ಪ್ರೋಗ್ರಾಮುಗಳಿದ್ದರೆ ನೂರು ಪ್ರತಿ!

ಒಂದೇ ಪ್ರತಿಯನ್ನಿಟ್ಟು, ಪ್ರೋಗ್ರಾಮ್ ಓಡುವಾಗ ಅದಕ್ಕೆ ಜೋಡಿಸುವ ಉಪಾಯ 1960ರ ದಶಕದಲ್ಲೇ ಬಂತು. ಅಮೆರಿಕದ ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಆರಂಭಿಸಿದ ಮಲ್ಟಿಕ್ಸ್‌ನಲ್ಲಿ ಅದು ಇತ್ತು. 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಬಂದಿತು. ಅಲ್ಲಿನ ಕೆನ್ ಥಾಮ್ಸನ್, ಡೆನಿಸ್ ರಿಚಿ ಪುಟ್ಟ ಯಂತ್ರವೊಂದರಲ್ಲಿ ಯುನಿಕ್ಸ್ ಕಟ್ಟಿದರು. ಸರಳತೆಯೇ ಅದರ ಗುಣ. ಈ ಉಪಾಯ ಅದರಲ್ಲಿ ಇರಲಿಲ್ಲ.

1980ರ ದಶಕದಲ್ಲಿ ಪರದೆಯ ಮೇಲೆ ಚಿತ್ರ, ಕಿಟಕಿಗಳು ಬಂದವು. ಲೈಬ್ರರಿಗಳು ಉಬ್ಬಿದವು, ಡಿಸ್ಕ್, ಮೆಮೊರಿ ಎರಡೂ ದುಬಾರಿ. 1985ರ ಮೊದಲ ವಿಂಡೋಸ್‌ನಲ್ಲೇ ‘ಡಿಎಲ್ಎಲ್’ ಎಂಬ ಹಂಚಿಕೆಯ ಕಡತಗಳಿದ್ದವು. 1988ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಸನ್‌ಓಎಸ್ 4.0 ಯುನಿಕ್ಸ್ ಲೋಕಕ್ಕೂ ಇದನ್ನು ತಂದಿತು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಮೊದಲ ವರ್ಷಗಳಲ್ಲಿ 1.44 ಎಂಬಿಯ ಫ್ಲಾಪಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅಲ್ಲಿ ಉಳಿದ ಪ್ರತಿ ಕಿಲೋಬೈಟೂ ಲಾಭವೇ.

ಆದರೆ ಹಂಚಿಕೊಂಡದ್ದು ಕೆಟ್ಟರೆ ಎಲ್ಲರಿಗೂ ಕೆಡುತ್ತದೆ. 1990ರ ದಶಕದ ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಮೊಂದು ತನಗೆ ಬೇಕಾದ ಡಿಎಲ್ಎಲ್ ಅನ್ನು ಹಳೆಯದರ ಮೇಲೆ ಬರೆದುಬಿಡುತ್ತಿತ್ತು; ನಿನ್ನೆಯವರೆಗೆ ಓಡುತ್ತಿದ್ದ ಇನ್ನೊಂದು ಪ್ರೋಗ್ರಾಮ್ ನಿಲ್ಲುತ್ತಿತ್ತು. ಈ ಕಾಟಕ್ಕೆ ‘ಡಿಎಲ್ಎಲ್ ನರಕ’ವೆಂದೇ ಹೆಸರಾಯಿತು. ವಿಂಡೋಸ್ 2000ದಲ್ಲಿ ಮುಖ್ಯ ಕಡತಗಳಿಗೆ ಕಾವಲು ಹಾಕಬೇಕಾಯಿತು.

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಕೇಳಿದ ಮಾಹಿತಿಯ ಉದ್ದವನ್ನು ಪರೀಕ್ಷಿಸದ ಒಂದು ಸಣ್ಣ ತಪ್ಪಿನಿಂದ ಜಗತ್ತಿನ ಅಸಂಖ್ಯ ಸರ್ವರ್‌ಗಳ ಗುಟ್ಟು ಸೋರುವಂತಿತ್ತು. ಹಂಚಿಕೆಯ ಪ್ರತಿಯನ್ನು ಬಳಸುತ್ತಿದ್ದ ಯಂತ್ರದಲ್ಲಿ ಆ ಒಂದು ಲೈಬ್ರರಿ ಬದಲಿಸಿ, ಪ್ರೋಗ್ರಾಮುಗಳನ್ನು ಮತ್ತೆ ಶುರುಮಾಡಿದರೆ ಅವೆಲ್ಲಕ್ಕೂ ದುರಸ್ತಿ ಸಿಕ್ಕಿತು. ಒಳಗೇ ಪ್ರತಿ ಇಟ್ಟುಕೊಂಡಿದ್ದ ಪ್ರೋಗ್ರಾಮುಗಳನ್ನು ಮಾತ್ರ ಒಂದೊಂದಾಗಿ ಹುಡುಕಿ ಸರಿಪಡಿಸಬೇಕಾಯಿತು.

ಹರಿದ ಹಾಳೆ ಎಲ್ಲರ ನಷ್ಟ. ಅಂಟಿಸಿದ ಹಾಳೆ ಎಲ್ಲರ ಲಾಭ. ಡಿಸ್ಕ್ ಅಗ್ಗವಾಗಿರುವ ಈಗ ಎಷ್ಟೋ ಪ್ರೋಗ್ರಾಮುಗಳು ಮತ್ತೆ ಸ್ವಂತ ಪ್ರತಿ ಹೊತ್ತು ಬರುತ್ತಿವೆ. ಜಾಗದ ಚಿಂತೆ ಕಡಿಮೆಯಾಗಿರಬಹುದು, ಕಾಯುವ ಹೊಣೆ ಕಡಿಮೆಯಾಗಿಲ್ಲ. ಆ ಹೊಣೆಯನ್ನು ನನಗೆ ಮೊದಲು ಕಲಿಸಿದ್ದು ಈ ಶಾಲೆಯ ಬೀರು. ಐವತ್ತು ತುಂಬಿದ ಶಾಲೆಗೂ, ಅಂದು ಗೋಂದಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತ ಮೇಷ್ಟ್ರಿಗೂ ನನ್ನ ನಮಸ್ಕಾರ.