ಸಿಲ್ವಿಯಾ ಕ್ಷುದ್ರಗ್ರಹ ಮತ್ತು ಕುಂತಿಬೆಟ್ಟ: ನಾಮಕರಣದ ಒಂದು ಜಾನಪದೀಯ ವಿವೇಚನೆ

ನಾಮಾಧ್ಯಯನದಲ್ಲಿ ಹೆಸರಿನ ಅರ್ಥದಷ್ಟೇ ಹೆಸರಿಟ್ಟವರು ಯಾರು ಎಂಬ ಪ್ರಶ್ನೆಯೂ ಮುಖ್ಯವಾದುದು. ಮಂಡ್ಯ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಉದಾಹರಣೆಯಾಗಿ ಗಮನಿಸಬಹುದು. ಶ್ರೀರಂಗಪಟ್ಟಣದ ಹೆಸರಿಗೆ ದೈವವೂ, ನಾಗಮಂಗಲಕ್ಕೆ ನಾಗನೂ, ಹಿಂದೆ ಅತ್ತಿಗುಪ್ಪೆಯಾಗಿದ್ದ ಕೃಷ್ಣರಾಜಪೇಟೆಗೆ ಅರಸನೂ, ಪಾಂಡವಪುರಕ್ಕೆ ಮಹಾಭಾರತವೂ ಆಧಾರವಾಗಿವೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ದಾಖಲೆಗಳಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯಿತು. ಈಗಿನ ಹೆಸರು, ವನವಾಸ ಕಾಲದಲ್ಲಿ ಪಾಂಡವರು ತಾಯಿಯೊಡನೆ ಸಮೀಪದ ಕುಂತಿಬೆಟ್ಟದಲ್ಲಿ ತಂಗಿದ್ದರೆಂಬ ಸ್ಥಳೀಯ ಐತಿಹ್ಯವನ್ನು ಅನುಸರಿಸಿದೆ. ನೆಲದ ಮೇಲಿನ ಈ ನಾಮಕರಣ ಕ್ರಮವನ್ನು ಆಕಾಶಕಾಯಗಳ ಹೆಸರುಗಳೊಂದಿಗೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮದರಾಸು ವೀಕ್ಷಣಾಲಯದ ಸರ್ಕಾರಿ ಖಗೋಳಜ್ಞನಾಗಿದ್ದ ನಾರ್ಮನ್ ಪಾಗ್ಸನ್ 1861ರ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದನು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. 1866ರ ಮೇ 16ರಂದು ಅವನಿಗೆ ದೊರೆತ 87ನೆಯ ಕ್ಷುದ್ರಗ್ರಹವೇ ‘ಸಿಲ್ವಿಯಾ’. ಮಂಗಳ ಮತ್ತು ಗುರು ಗ್ರಹಗಳ ನಡುವಣ ಪಟ್ಟಿಯ ಹೊರ ಅಂಚಿನಲ್ಲಿ, ಸೂರ್ಯನಿಂದ ಸರಾಸರಿ 52 ಕೋಟಿ ಕಿಲೋಮೀಟರ್ ದೂರದಲ್ಲಿರುವ ಇದು ಸುಮಾರು ಆರೂವರೆ ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. 1868ರಲ್ಲಿ ಅವನು ಕಂಡ ‘ಕ್ಯಾಮಿಲ್ಲಾ’ ಕೂಡ ಇದೇ ಹೊರವಲಯಕ್ಕೆ ಸೇರಿದುದು.

ಸಿಲ್ವಿಯಾ ಎಂಬುದು ರೋಮನ್ ಪುರಾಣದ ರಿಯಾ ಸಿಲ್ವಿಯಾಳ ಹೆಸರು. ಕನ್ಯಾವ್ರತದಲ್ಲಿದ್ದ ಆಕೆ ಯುದ್ಧದೇವತೆ ಮಾರ್ಸ್‌ನಿಂದ ಅವಳಿ ಮಕ್ಕಳನ್ನು ಪಡೆದಳು. ಅರಸನ ಆಜ್ಞೆಯಂತೆ ಆ ಶಿಶುಗಳನ್ನು ಟೈಬರ್ ನದಿಯಲ್ಲಿ ತೇಲಿಬಿಡಲಾಯಿತು. ಸೂರ್ಯನಿಂದ ಕರ್ಣನನ್ನು ಪಡೆದು ನದಿಯಲ್ಲಿ ತೇಲಿಬಿಟ್ಟ ಕುಂತಿಯ ಕಥೆಗೂ ಇದಕ್ಕೂ ಇರುವ ಆಶಯ ಸಾಮ್ಯ ಸ್ಪಷ್ಟವಾಗಿದೆ. ಒಂದರಲ್ಲಿ ಅರಸನ ಭಯ, ಇನ್ನೊಂದರಲ್ಲಿ ಲೋಕದ ಭಯ ಎಂಬುದಷ್ಟೇ ವ್ಯತ್ಯಾಸ. ಭಾರತದ ನೆಲದಿಂದ ಕಂಡ ಆಕಾಶಕಾಯಕ್ಕೆ ಪಾಗ್ಸನ್ ತನ್ನ ಶಿಕ್ಷಣ ಪರಂಪರೆಯ ತಾಯಿಯ ಹೆಸರನ್ನಿಟ್ಟನು.

ಹೆಸರು ತನ್ನ ಹಿಂದೆ ಕಥೆಯನ್ನೂ ತರುತ್ತದೆ. ಸಿಲ್ವಿಯಾಕ್ಕೆ 2001ರಲ್ಲಿ ಒಂದು, 2004ರಲ್ಲಿ ಇನ್ನೊಂದು ಉಪಗ್ರಹ ಪತ್ತೆಯಾದಾಗ ಅವುಗಳಿಗೆ ಆಕೆಯ ಮಕ್ಕಳಾದ ರೋಮುಲಸ್ ಮತ್ತು ರೀಮಸ್‌ರ ಹೆಸರುಗಳೇ ಬಂದವು. ಮೊದಲ ಹೆಸರು ಮುಂದಿನ ಹೆಸರುಗಳನ್ನು ನಿರ್ಧರಿಸಿತು. ಕುಂತಿಯ ಬೆಟ್ಟದಿಂದ ಪಾಂಡವರ ಪುರ ಹುಟ್ಟಿದ ಬಗೆಯೂ ಇದೇ.

ಅದೇ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಎಂಬ ಭಾರತೀಯ ಸಹಾಯಕನಿದ್ದುದು ಇಲ್ಲಿ ಸ್ಮರಣೀಯ. 1867ರಲ್ಲಿ ಒಂದು ಚಂಚಲ ನಕ್ಷತ್ರವನ್ನು ಗುರುತಿಸಿದ ಆತ, 1874ರ ಶುಕ್ರ ಸಂಕ್ರಮಣವನ್ನು ಕುರಿತು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಪ್ರಕಟವಾಯಿತು. ಆಕಾಶವನ್ನು ದೇಶಭಾಷೆಗಳಲ್ಲಿ ವಿವರಿಸುವ ಸಾಮರ್ಥ್ಯ ಇಲ್ಲಿನವರಿಗಿತ್ತು; ಆದರೆ ಆ ವೀಕ್ಷಣಾಲಯದ ಕ್ಷುದ್ರಗ್ರಹಗಳಿಗೆ ಹೆಸರುಗಳು ಬಂದುದು ಯುರೋಪಿನ ಭಂಡಾರದಿಂದ. ಮದರಾಸು ವೀಕ್ಷಣಾಲಯದ ಪರಂಪರೆಯನ್ನು ಮುಂದುವರಿಸಿದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ಮತ್ತು ಸಂಗಡಿಗರು 1988ರ ಫೆಬ್ರವರಿಯಲ್ಲಿ ಕಾವಲೂರಿನಿಂದ ಕಂಡ 4130ನೆಯ ಕ್ಷುದ್ರಗ್ರಹಕ್ಕೆ ‘ರಾಮಾನುಜನ್’ ಎಂಬ ಹೆಸರಾಯಿತು. 1885ರಲ್ಲಿ ಪಾಗ್ಸನ್ ‘ವೆರಾ’ವನ್ನು ಕಂಡ ನಂತರ ಭಾರತದಿಂದ ಇಂತಹ ಶೋಧ ನಡೆಯಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಹೆಸರಿಡುವ ಅಧಿಕಾರ ಯಾರದೋ ಅವರ ಕಥೆಯೇ ನಕ್ಷೆಯಲ್ಲಿ ಉಳಿಯುತ್ತದೆ. ಫ್ರೆಂಚ್ ರಾಕ್ಸ್ ಪಾಂಡವಪುರವಾದುದು ಅಂತಹ ಅಧಿಕಾರ ಕೈಬದಲಾದುದರ ಕುರುಹು. ಆದರೆ ಆ ಬದಲಾವಣೆಯಲ್ಲಿ ಹಿರೋಡೆ ಮರಳಿ ಬರಲಿಲ್ಲವೆಂಬುದನ್ನೂ ನಾಮಾಧ್ಯಯನಕಾರರು ಗಮನಿಸಬೇಕು. ಐತಿಹ್ಯಗಳೊಂದಿಗೆ ಇಂತಹ ಹಳೆಯ ಹೆಸರುಗಳನ್ನೂ ತಾಲೂಕುವಾರು ದಾಖಲಿಸುವುದು ಇಂದಿನ ಜಾನಪದ ಸಂಶೋಧನೆಯ ತುರ್ತು ಕಾರ್ಯವಾಗಿದೆ.