ತುತ್ತೂರಿ ಊದಿದವನ ಹೆಸರು

ನನ್ನ ಆಫೀಸು ಫೋರ್ಟಿನಲ್ಲಿ. 2016ರಲ್ಲಿ ಮುಚ್ಚಿದ ಕಾಲಾ ಘೋಡಾದ ರಿದಮ್ ಹೌಸ್ ಮುಂದೆಯೇ ನನ್ನ ದಾರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಂದ ಅಜ್ಜನಿಗೆ ಹಳೆಯ ಹಿಂದಿ ಹಾಡುಗಳ ಒಂದು ಸಿ.ಡಿ. ತಂದುಕೊಟ್ಟಿದ್ದೆ. ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಅಜ್ಜ ಕವರು ತಿರುಗಿಸಿ ನೋಡಿ, “ತುತ್ತೂರಿ ಊದಿದವನ ಹೆಸರು ಎಲ್ಲಿ ಮಗಾ?” ಎಂದರು. ಇರಲಿಲ್ಲ.

ಅಜ್ಜ ಹುಡುಕಿದ್ದು ಚಿಕ್ ಚಾಕೊಲೇಟ್ ಹೆಸರನ್ನು. ನಿಜನಾಮ ಆಂಟೋನಿಯೊ ಝೇವಿಯರ್ ವಾಝ್. ಹುಟ್ಟಿದ್ದು 1916ರಲ್ಲಿ, ಗೋವಾದ ಅಲ್ಡೋನಾದಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ ಶೈಲಿಯಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಬ್ಯಾಂಡ್ ನಾಯಕ.

1935ರಲ್ಲಿ ಅಮೆರಿಕದ ಕಪ್ಪು ಸಂಗೀತಗಾರ ಲಿಯಾನ್ ಆಬಿ ತಮ್ಮ ತಂಡದೊಂದಿಗೆ ಫೋರ್ಟಿನ ಪಕ್ಕದ ತಾಜ್ ಹೋಟೆಲಿಗೆ ಬಂದರು. ಬಳಿಕ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫೋರ್ಡ್ ಬಂದರು. ಜನ ಬರುತ್ತಿದ್ದುದು ಕುಣಿಯಲು. ಆದ್ದರಿಂದ ಫಾಕ್ಸ್‌ಟ್ರಾಟ್, ವಾಲ್ಟ್ಜ್‌ಗಳ ತಾಳ ತಪ್ಪುವಂತಿರಲಿಲ್ಲ. ಅದರ ನಡುವೆಯೇ ವಾದಕ ತನ್ನ ಕಲ್ಪನೆಯ ಜಾಝ್ ಸೇರಿಸಬೇಕಿತ್ತು. ಗೋವಾದ ಹುಡುಗರು ಈ ವಿದ್ಯೆಯನ್ನು ಬೇಗ ಹಿಡಿದರು. ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಓದಲು, ಬರೆಯಲು ಅವರು ಮೊದಲೇ ಕಲಿತಿದ್ದರು.

ಬ್ರಿಟಿಷರು ಹೋದರು. 1949ರಲ್ಲಿ ಮುಂಬಯಿ ಪ್ರಾಂತದ ಪಾನನಿಷೇಧ ಕಾಯ್ದೆ ಬಂತು. ಹೋಟೆಲುಗಳ ರಾತ್ರಿ ಮಂಕಾದಂತೆ ವಾದಕರು ಸಿನಿಮಾ ಸ್ಟುಡಿಯೋಗಳಿಗೆ ನಡೆದರು. ಅಲ್ಲಿ ಸಂಗೀತ ನಿರ್ದೇಶಕರು ರಾಗ ಹಾಡಿ ತೋರಿಸಿದರೆ, ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಹಾಳೆಯಲ್ಲಿ ಬರೆಯುತ್ತಿದ್ದವರು ಹೆಚ್ಚಾಗಿ ಈ ಗೋವಾದವರೇ. ಚಿಕ್, ಸಿ. ರಾಮಚಂದ್ರರಿಗೆ ಸಹಾಯಕರಾದರು. 1951ರ ‘ಅಲ್ಬೇಲಾ’ದಲ್ಲಿ ಅವರ ಬ್ಯಾಂಡು ತೆರೆಯ ಮೇಲೂ ಕಾಣುತ್ತದೆ. ಆದರೆ ಸಿನಿಮಾ ರೆಕಾರ್ಡುಗಳ ಮೇಲೆ ಸಾಮಾನ್ಯವಾಗಿ ಇರುತ್ತಿದ್ದುದು ಗಾಯಕರ, ನಿರ್ದೇಶಕರ ಹೆಸರುಗಳು ಮಾತ್ರ. ಚಿಕ್ 1967ರಲ್ಲಿ ತೀರಿಕೊಂಡರು.

ಆ ಕಾಲದ ಸಂಗೀತ ಉಳಿದದ್ದು ಸಂಕಲನಗಳಿಂದ. ಬದಿಗೆ ಸುಮಾರು 3 ನಿಮಿಷ ಹಾಡುವ 78 ವೇಗದ ತಟ್ಟೆಗಳನ್ನು ಹುಡುಕಿ, 1926ರಿಂದ 1944ರವರೆಗಿನ ಭಾರತದ ಜಾಝ್ ಮತ್ತು ನೃತ್ಯಸಂಗೀತವನ್ನು ಇಂಗ್ಲೆಂಡಿನ ಹಾರ್ಲೆಕ್ವಿನ್ ಕಂಪನಿ ಒಂದು ಆಲ್ಬಮ್ ಆಗಿ ತಂದಿತು. 2012ರಲ್ಲಿ ನರೇಶ್ ಫರ್ನಾಂಡಿಸ್ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಪುಸ್ತಕದಲ್ಲಿ ಆ ವಾದಕರ ಕತೆ ಬರೆದರು.

ನಾನು ಬರೆಯುವ ಪ್ರತಿ ಸಾಲು ಕೋಡಿನ ಜೊತೆ, ಬರೆದವರ ಹೆಸರನ್ನು ಕಂಪ್ಯೂಟರು ತಾನೇ ಉಳಿಸಿಡುತ್ತದೆ. ನಮ್ಮ ಮನೆಯ, ಸಂಘದ ಹಳೆಯ ಫೋಟೋಗಳಿಗೆ ಆ ಅನುಕೂಲವಿಲ್ಲ. ನಾಟಕದ ಹಿಂದೆ ಹಾರ್ಮೋನಿಯಂ ಹಿಡಿದು ಕೂತ ಅಕ್ಕ ಯಾರು? ನೂರು ಜನಕ್ಕೆ ಅಡುಗೆ ಮಾಡಿದ ಚಿಕ್ಕಮ್ಮ ಯಾರು? ಗೊತ್ತಿರುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ವಾರವೇ ಕೇಳಿ, ಫೋಟೋದ ಹಿಂದೆ ಬರೆದಿಡೋಣ.