ಮುಕ್ಕಾಲಿಯ ತೂಕ ಇಳಿದ ಬಗೆ

ಪ್ರವಾಸಕ್ಕೆಂದು ಇಂದು ಮಾರುವ ಒಳ್ಳೆಯ ಟ್ರೈಪಾಡ್ ಒಂದರಿಂದ ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಮಡಿಸಿದರೆ ಹೆಗಲ ಚೀಲದಲ್ಲಿ ಹಿಡಿಸುತ್ತದೆ. ನೂರೈವತ್ತು ವರ್ಷಗಳ ಹಿಂದೆ ಛಾಯಾಚಿತ್ರಕಾರನ ಮುಕ್ಕಾಲಿಯನ್ನೂ ಉಳಿದ ಸರಂಜಾಮನ್ನೂ ಹೊರಲು ಆಳುಗಳ ಸಾಲೇ ಬೇಕಿತ್ತು. ಈ ಭಾರ ಹೇಗೆ ಇಳಿಯಿತು? ಇಳಿದಾಗ ಕಳೆದುಕೊಂಡದ್ದು ಏನಾದರೂ ಇದೆಯೆ?

ಮೂರೇ ಕಾಲು ಏಕೆ ಎಂಬುದು ರೇಖಾಗಣಿತದ ಮಾತು. ಒಂದೇ ಸರಳರೇಖೆಯಲ್ಲಿರದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ. ಆದ್ದರಿಂದ ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಕಾಲುಗಳು ಒಟ್ಟಿಗೆ ಊರುತ್ತವೆ. ನಾಲ್ಕನೆಯದು ಬಂದರೆ ಹೋಟೆಲಿನ ಮೇಜಿನಂತೆ ಕುಂಟುವ ಸಾಧ್ಯತೆಯೂ ಬರುತ್ತದೆ. ಇದನ್ನು ಭೂಮಾಪಕರು ಕ್ಯಾಮೆರಾ ಹುಟ್ಟುವ ಮೊದಲೇ ಬಳಸುತ್ತಿದ್ದರು.

1826-27ರ ಸುಮಾರಿಗೆ ಫ್ರಾನ್ಸಿನ ನೀಸೆಫೋರ್ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ತೆಗೆದ ಚಿತ್ರಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. 1839ರಲ್ಲಿ ಪ್ರಕಟವಾದ ಡಾಗೇರ್‌ನ ವಿಧಾನ ಅದನ್ನು ನಿಮಿಷಗಳಿಗೆ ಇಳಿಸಿತು. ಆದರೆ ಕೈಯಲ್ಲಿ ಹಿಡಿದು ಚಿತ್ರ ತೆಗೆಯಲು ನಿಮಿಷವೂ ದೀರ್ಘವೇ. 1854ರ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಲಿನೇಯಸ್ ಟ್ರೈಪ್ ನಮ್ಮ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಅಲ್ಲಿನ ಕುಸುರಿ ಕೆತ್ತನೆ ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಮೂಡಿದ್ದರೆ ಅದರಲ್ಲಿ ಅಲುಗದೆ ನಿಂತ ಮುಕ್ಕಾಲಿಯ ಪಾಲೂ ಇದೆ. (ಟ್ರೈಪ್ ಎಂಬ ಹೆಸರಿಗೂ ಟ್ರೈಪಾಡಿಗೂ ಸಂಬಂಧವಿಲ್ಲ!)

ಅಷ್ಟರಲ್ಲಿ ಹೊಸ ವಿಧಾನವೊಂದು ಬಂದಿತ್ತು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನದಿಂದ ಬೆಳಕಿಗೆ ಒಡ್ಡುವ ಅವಧಿ ಸೆಕೆಂಡುಗಳಿಗೆ ಇಳಿಯಿತು. ವಿಚಿತ್ರವೆಂದರೆ, ಅವಧಿ ಇಳಿದರೂ ಹೊರೆ ಏರಿತು! ಗಾಜಿನ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಹೀಗಾಗಿ ಕತ್ತಲೆ ಡೇರೆ, ಸೀಸೆಗಳು, ನೀರು, ಗಾಜು ಎಲ್ಲವೂ ಛಾಯಾಚಿತ್ರಕಾರನ ಜೊತೆ ಸಾಗಬೇಕು. ಸ್ಯಾಮ್ಯುಯೆಲ್ ಬೋರ್ನ್ 1864ರಲ್ಲಿ ಕಾಶ್ಮೀರದತ್ತ ಹೊರಟಾಗ ಅವನ ಸಾಮಾನು ಹೊತ್ತವರು 42 ಮಂದಿ. 1866ರಲ್ಲಿ ಅವನು ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಚಿತ್ರ ತೆಗೆದ. ಹೊರೆಯಾಳುಗಳು ನಡುದಾರಿಯಲ್ಲಿ ಬಿಟ್ಟುಹೋದರೆಂದು ಅವನು ತನ್ನ ಬರಹಗಳಲ್ಲಿ ದೂರುತ್ತಾನೆ. ಆ ಚಳಿಯಲ್ಲಿ, ಬೇರೆಯವರ ಗಾಜಿನ ಫಲಕಗಳನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದವರು ಬಿಟ್ಟುಹೋಗಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಚಿತ್ರಗಳ ಮೇಲೆ ಬೋರ್ನ್‌ನ ಹೆಸರಿದೆ, ಅವರದಿಲ್ಲ.

1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಸೂಚಿಸಿದ ಜೆಲಾಟಿನ್ ಒಣ ಫಲಕ, 1888ರ ಕೊಡಾಕ್ ಪೆಟ್ಟಿಗೆ ಕ್ಯಾಮೆರಾ, 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಈ ಹೊರೆಯನ್ನು ಒಂದೊಂದಾಗಿ ಇಳಿಸಿದವು. ಹಗಲಿನ ಚಿತ್ರಕ್ಕೆ ಮುಕ್ಕಾಲಿ ಬೇಡವಾಯಿತು. ಮಬ್ಬು ಬೆಳಕು, ದೂರದ ಹಕ್ಕಿ, ರಾತ್ರಿಯ ಆಕಾಶ ಇವುಗಳಿಗೆ ಮಾತ್ರ ಅದು ಉಳಿಯಿತು. ಈಗ ಅದನ್ನು ಹೊರುವವನು ಛಾಯಾಚಿತ್ರಕಾರನೇ. ಹಗುರವಾಗಬೇಕೆಂಬ ಬೇಡಿಕೆ ಬಲವಾದದ್ದು ಆಗ ಎಂದು ನನ್ನ ಅನುಮಾನ! ಮರ, ಹಿತ್ತಾಳೆಗಳ ಜಾಗಕ್ಕೆ ಅಲ್ಯೂಮಿನಿಯಂ ಕೊಳವೆ ಬಂತು. 1994ರಲ್ಲಿ ಫ್ರಾನ್ಸ್ ಮೂಲದ ಗಿಟ್ಝೊ ಕಂಪನಿ ಕಾರ್ಬನ್ ಫೈಬರ್ ಕಾಲುಗಳ ಟ್ರೈಪಾಡನ್ನು ಹೊರತಂದಿತು. ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಕಾರ್ಬನ್ ಫೈಬರ್ ಸಂಯುಕ್ತದ್ದು ಸುಮಾರು 1.6 ಗ್ರಾಂ.

ಹಳೆಯದೊಂದು ಮಾತ್ರ ಬದಲಾಗದೆ ಉಳಿದಿದೆ. ನಿಮ್ಮ ಡಿಜಿಟಲ್ ಕ್ಯಾಮೆರಾವನ್ನು ತಿರುಗಿಸಿ ನೋಡಿ. ತಳದಲ್ಲಿರುವ ತಿರುಪಿನ ರಂಧ್ರದ ವ್ಯಾಸ ಕಾಲು ಇಂಚು, ಇಂಚಿಗೆ 20 ಎಳೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪುಗಳಿಗೆ ಏಕರೂಪ ತರಲು ಸೂಚಿಸಿದ ಪಟ್ಟಿಯಲ್ಲಿಯೂ ಕಾಲು ಇಂಚಿಗೆ ಇದೇ ಲೆಕ್ಕವಿತ್ತು. ಮೆಟ್ರಿಕ್ ಪದ್ಧತಿಯ ದೇಶಗಳೂ ಇಲ್ಲಿ ಇಂಚನ್ನೇ ಬಳಸುತ್ತಿವೆ.

ಹಾಗಾದರೆ ಕಳೆದುಕೊಂಡದ್ದೇನು? ಒಂದು ಲೆಕ್ಕ ಮಾಡೋಣ. 36 ಮಿಮೀ ಅಗಲದ ಸಂವೇದಕದಲ್ಲಿ ಅಡ್ಡಲಾಗಿ 6,000 ಪಿಕ್ಸೆಲ್‌ಗಳಿದ್ದರೆ ಒಂದರ ಅಗಲ 0.006 ಮಿಮೀ. 200 ಮಿಮೀ ಲೆನ್ಸ್ ಹಾಕಿದಾಗ ಇದು 0.00003 ರೇಡಿಯನ್ ಕೋನಕ್ಕೆ, ಎಂದರೆ ಸುಮಾರು 6 ಆರ್ಕ್ ಸೆಕೆಂಡಿಗೆ ಸಮ. 33 ಮೀಟರ್ ಉದ್ದದ ಕೋಲಿನ ತುದಿ ಒಂದು ಮಿಮೀ ಅಲುಗಿದಷ್ಟು! ಬೋರ್ನ್‌ನ ಮುಕ್ಕಾಲಿಯನ್ನು ಯಾರೂ ಇಷ್ಟು ಕಠಿಣವಾಗಿ ಪರೀಕ್ಷಿಸಿರಲಿಲ್ಲ. ಮುಕ್ಕಾಲಿ ಹಗುರವಾದ ಕಾಲದಲ್ಲಿಯೇ ನಮ್ಮ ನೋಟ ಸೂಕ್ಷ್ಮವಾಯಿತು.

ಆದ್ದರಿಂದ ಆಯ್ಕೆಯಲ್ಲಿ ತೂಕವೊಂದನ್ನೇ ನೋಡಬಾರದು. ತೆಳುಗೋಡೆಯ ಕೊಳವೆಯ ವ್ಯಾಸ ಎರಡರಷ್ಟಾದರೆ ತೂಕ ಎರಡರಷ್ಟಾಗುತ್ತದೆ, ಬಾಗುವಿಕೆಗೆ ಒಡ್ಡುವ ಪ್ರತಿರೋಧ ಎಂಟರಷ್ಟಾಗುತ್ತದೆ. ಐದು ಭಾಗಗಳಲ್ಲಿ ಮಡಿಸುವ ಕಾಲು ಚೀಲಕ್ಕೆ ಅನುಕೂಲ. ಆದರೆ ಅದರ ಕೊನೆಯ ಭಾಗ ಬೆರಳಿಗಿಂತ ಸಣ್ಣದಾಗಿಬಿಡುತ್ತದೆ. ಅದನ್ನು ಕೊನೆಯಲ್ಲಿ, ಅನಿವಾರ್ಯವಾದರೆ ಮಾತ್ರ ಎಳೆಯಿರಿ. ನಡುಗಂಬವನ್ನು ಎತ್ತರಿಸಿದರೆ ಮುಕ್ಕಾಲಿ ಒಂಟಿಕಾಲಿನಂತೆಯೇ. ಚೀಲವನ್ನು ನಡುಗಂಬದ ಕೊಕ್ಕೆಗೆ ನೇತುಹಾಕುವುದು ಒಳ್ಳೆಯದು, ಆದರೆ ಗಾಳಿಗೆ ಅದು ಲೋಲಕವಾಗದಂತೆ ತಳ ನೆಲಕ್ಕೆ ತಾಗಿರಲಿ. ಗುಂಡಿಯನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಬಳಸಿ. ಪೆಟ್ಟಿಗೆಯ ಮೇಲೆ ಬರೆದ 'ಇಷ್ಟು ಕಿಲೋ ಹೊರುತ್ತದೆ' ಎಂಬುದನ್ನು ಹೆಚ್ಚು ನಂಬಬೇಡಿ. ಎಲ್ಲ ತಯಾರಕರೂ ಅದನ್ನು ಒಂದೇ ರೀತಿಯಲ್ಲಿ ಅಳೆಯುವುದಿಲ್ಲ.

ಶಾಲೆಯಲ್ಲಿಯೇ ಇದನ್ನು ಅಳೆಯಬಹುದು. ಟ್ರೈಪಾಡಿನ ತಲೆಗೆ ಪುಟ್ಟ ಕನ್ನಡಿಯೊಂದನ್ನು ಭದ್ರವಾಗಿ ಕಟ್ಟಿ. ಮೇಜಿನ ಮೇಲಿಟ್ಟ ಲೇಸರ್ ದೀಪದ ಕಿರಣ ಅದರಿಂದ ಪ್ರತಿಫಲಿಸಿ 10 ಮೀಟರ್ ದೂರದ ಗೋಡೆಗೆ ಬೀಳಲಿ. ಕಿರಣ ಯಾರ ಕಣ್ಣಿಗೂ ತಾಗದಂತೆ ಎಚ್ಚರವಹಿಸಿ. ಕಾಲನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ, ಚುಕ್ಕೆ ನಿಲ್ಲಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಕನ್ನಡಿ ಕೋನವನ್ನು ಇಮ್ಮಡಿ ಮಾಡುವುದರಿಂದ, ಮೇಲಿನ ಲೆಕ್ಕದ ಒಂದು ಪಿಕ್ಸೆಲ್ ಗೋಡೆಯ ಮೇಲೆ 0.6 ಮಿಮೀ ಆಗುತ್ತದೆ. ನಡುಗಂಬವನ್ನು ಪೂರ್ತಿ ಎತ್ತರಿಸಿ ಮತ್ತೊಮ್ಮೆ ತಟ್ಟಿ. ಎರಡೂ ಅವಧಿಗಳನ್ನು ಹೋಲಿಸಿ.